ಸಾಧಕನ ನಿಷ್ಠೆಯೂ ಅವಧಾನವೂ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಸಾಧಕನ ನಿತ್ಯನಿಯಮವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವರು. ಈ ವಿಷಯವನ್ನು ನಮ್ಮ ಶಾಸ್ತ್ರಗಳಿಂದ ಮಾತ್ರವೇ ವಿವರಿಸದೆ, ನಮ್ಮ ನೆರೆಯಲ್ಲಿ ಬಾಳಿಕೊಂಡು ಬಂದಿರುವ ಕ್ರೈಸ್ತರ ಸಾಧನಮಾರ್ಗವನ್ನೂ ಅದರೊಡನೆ ಇಟ್ಟು ನೋಡಬೇಕೆಂದು ನಾನು ಮನಸ್ಸು ಮಾಡಿರುವೆನು. ಮಠದ ಸಭೆಯಲ್ಲಿ ಕ್ರೈಸ್ತರ ಮಾತೇಕೆಂದು ಕೆಲವರಿಗೆ ತೋರಬಹುದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರು. ಅವರು ಬಂದದ್ದು ತಮ್ಮ ಮತವನ್ನು ನಮಗೆ ಬೋಧಿಸುವದಕ್ಕಾಗಿ. ಆ ಸಂಬಂಧವಾಗಿ ವಾದವಿವಾದಗಳು ನಡೆದದ್ದುಂಟು. ವಾದದ ಕಾಲದಲ್ಲಿ ನೆರೆಯವನ ದೋಷವೇ ಕಣ್ಣಿಗೆ ಬೀಳುವದು ಸಹಜ. ವಾದವು ಮುಗಿದ ಮೇಲಾದರೂ ಅವನ ಗುಣವನ್ನು ಕಾಣದಿದ್ದರೆ ನಷ್ಟವು ನಮ್ಮದೇ ಆಗುವದು.

ಮೊದಲು ನಮ್ಮ ಸಿದ್ಧಾಂತವನ್ನು ಸ್ವಲ್ಪದರಲ್ಲಿ ಹೇಳುವೆನು. ಷಟ್‌ಸ್ಥಲಗಳಲ್ಲಿ ಒಂದೊಂದಕ್ಕೆ ಒಂದೊಂದು ಭಕ್ತಿಯನ್ನು ಹಿರಿಯರು ಗೊತ್ತುಪಡಿಸಿರುವರು. ಭಕ್ತನಿಗೆ ಶ್ರದ್ಧೆ, ಮಾಹೇಶ್ವರನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಈ ಕ್ರಮವನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರುಂಟು. ಕ್ರಮದ ಅರ್ಥವನ್ನು ಆಲೋಚಿಸಿದವರು ಕಡಿಮೆ. ಅನುಭಾವ, ಆನಂದಗಳು ನಾಲ್ಕನೆಯ ಮತ್ತು ಐದನೆಯ ಮೆಟ್ಟಿಲಿನಲ್ಲಿರುವವು. ಅವುಗಳಿಗೆ ಮುಂಚೆ ನಿಷ್ಠೆ ಮತ್ತು ಅವಧಾನಗಳೆಂಬ ಎರಡು ಮೆಟ್ಟಿಲುಗಳುಂಟು. ಶ್ರದ್ಧೆಯು ದೀಕ್ಷೆಯ ದಿನ ತಾನಾಗಿ ಉಕ್ಕುವದು. ಆ ಉಕ್ಕು ಇಳಿದ ಮೇಲೆಯೂ ಅದೇ ಹೊತ್ತಿಗೆ, ಅದೇ ಆಸನದಲ್ಲಿ, ಕರಸ್ಥಲದ ಲಿಂಗದೆದುರು ಕುಳಿತುಕೊಳ್ಳುವದೇ ನಿಷ್ಠೆ. ಹಾಗೆ ಕುಳಿತಾಗ ಮನಸ್ಸು ಎಲ್ಲಿಗೆ ಹೋಯಿತೆಂದು ಕಾಯುವದೇ ಅವಧಾನ. ಈ ಎರಡನ್ನೂ ಬಿಟ್ಟು ಆನಂದಕ್ಕೆ ಕೈಚಾಚುವವನು ಬಿತ್ತದೆ ಸುಗ್ಗಿಗೆ ಕಾದ ಒಕ್ಕಲಿಗನಂತೆ.

ಶ್ರದ್ಧೆಗೂ ನಿಷ್ಠೆಗೂ ನಡುವೆ ಸಾಧಕನು ಎಡವುವ ಸ್ಥಳವನ್ನು ಕ್ರೈಸ್ತಸಾಧಕರು ಬಹಳ ಸೂಕ್ಷ್ಮವಾಗಿ ಗುರುತಿಸಿರುವರು. ನಾಲ್ಕನೆಯ ಶತಮಾನದಲ್ಲಿ ಐಗುಪ್ತದೇಶದ ಮರುಭೂಮಿಯಲ್ಲಿ ಅನೇಕ ವಿರಕ್ತರು ಗುಹೆ ಗುಡಿಸಲುಗಳಲ್ಲಿ ಏಕಾಂತವಾಗಿ ವಾಸಿಸುತ್ತಿದ್ದರು. ಅವರಲ್ಲಿ ಎವಾಗ್ರಿಯನೆಂಬ ವಿದ್ವಾಂಸನು ಸಾಧಕನನ್ನು ಕಾಡುವ ಒಂದು ಬೇಸರವನ್ನು ‘ಮಧ್ಯಾಹ್ನದ ಪಿಶಾಚಿ’ ಎಂದು ವರ್ಣಿಸಿರುವನು. ಅದು ಬರುವದು ನಡುರಾತ್ರಿಯಲ್ಲಲ್ಲ, ಬೆಳಗಿನ ಹತ್ತು ಗಂಟೆಯ ಸುಮಾರಿನಿಂದ ಮಧ್ಯಾಹ್ನ ಎರಡರ ವರೆಗೆ. ಸೂರ್ಯನು ನಿಂತೇಬಿಟ್ಟನೋ ಎಂದು ಸಾಧಕನಿಗೆ ತೋರುವದು. ಅವನು ಕಿಟಕಿಯ ಕಡೆಗೆ ನೋಡುವನು. ಊಟದ ಹೊತ್ತಿಗೆ ಇನ್ನೆಷ್ಟು ತಡವೆಂದು ಹೊರಗೆ ಬಂದು ಬಿಸಿಲನ್ನು ಅಳೆಯುವನು. ಮಾತಿಗೆ ಯಾರಾದರೂ ಬರುವರೋ ಎಂದು ದಾರಿ ಕಾಯುವನು. ಬಳಿಕ ಆ ಸ್ಥಳವೇ ಸರಿಯಿಲ್ಲವೆಂದೂ, ಸಂಗಡಿಗರಲ್ಲಿ ಪ್ರೀತಿಯಿಲ್ಲವೆಂದೂ, ಬೇರೆ ಕಡೆಗೆ ಹೋದರೆ ಸಾಧನೆಯು ಸುಲಭವಾಗುವದೆಂದೂ ಅವನ ಮನಸ್ಸು ನ್ಯಾಯ ಹೇಳತೊಡಗುವದು. ಪತಂಜಲಿಮಹರ್ಷಿಗಳು ಎಣಿಸಿದ ಒಂಬತ್ತು ಅಂತರಾಯಗಳಲ್ಲಿ ಸ್ತ್ಯಾನ, ಪ್ರಮಾದ, ಆಲಸ್ಯಗಳೆಂಬವು ಇದೇ ಜಾತಿಯವು. ದೇಶ ಬೇರೆ, ಮತ ಬೇರೆ. ಮನಸ್ಸಿನ ಕಳ್ಳದಾರಿಯು ಎಲ್ಲೆಡೆಯೂ ಒಂದೇ. ಪರೀಕ್ಷೆಯ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕಿಟಕಿಯನ್ನು ನೋಡುವ ವಿದ್ಯಾರ್ಥಿಗೆ ನಾನು ಇದನ್ನು ಹೆಚ್ಚಾಗಿ ವಿವರಿಸಬೇಕಾದದ್ದಿಲ್ಲ.

ಇದಕ್ಕೆ ಅವರು ಕಂಡುಕೊಂಡ ಔಷಧವೆಂದರೆ ಗೊತ್ತಾದ ಹೊತ್ತಿನ ಪ್ರಾರ್ಥನೆ ಮತ್ತು ಕೈಗೆಲಸ. ಐದನೆಯ ಶತಮಾನದ ಮೊದಲ ಭಾಗದಲ್ಲಿ ಕ್ಯಾಸಿಯನನೆಂಬವನು ಬರೆದ ಗ್ರಂಥದಲ್ಲಿ ಪೌಲನೆಂಬ ವೃದ್ಧ ವಿರಕ್ತನ ಸಂಗತಿಯೊಂದುಂಟು. ಅವನ ಗುಹೆಯು ಊರಿನಿಂದ ಏಳು ದಿನಕ್ಕಿಂತ ಹೆಚ್ಚಿನ ದಾರಿಯಾಗಿತ್ತು. ಖರ್ಜೂರದ ಹಣ್ಣು ಮತ್ತು ಸಣ್ಣ ತೋಟದಿಂದ ಅವನ ಹೊಟ್ಟೆಯು ತುಂಬುತ್ತಿತ್ತು; ಕೆಲಸದ ಸಾಮಾನನ್ನು ಪೇಟೆಗೆ ಸಾಗಿಸಿದರೆ ಬರುವ ಬೆಲೆಗಿಂತ ಬಾಡಿಗೆಯೇ ಹೆಚ್ಚು. ಆದರೂ ಅವನು ಪ್ರತಿದಿನವೂ ಗರಿಗಳನ್ನು ಕೂಡಹಾಕಿ, ಇಷ್ಟು ಕೆಲಸವೆಂದು ತನ್ನಿಂದ ತಾನೇ ವಸೂಲು ಮಾಡಿಕೊಳ್ಳುತ್ತಿದ್ದನು. ವರ್ಷಕ್ಕೊಮ್ಮೆ ಗುಹೆಯು ತುಂಬಿದಾಗ ಎಲ್ಲವನ್ನೂ ಸುಟ್ಟು ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದನು. ಕೆಲಸವಿಲ್ಲದೆ ಸಾಧಕನು ಒಂದೇ ನೆಲೆಯಲ್ಲಿ ನಿಲ್ಲಲಾರನೆಂಬದು ಆ ಕಥೆಯ ತಾತ್ಪರ್ಯ. ಆರನೆಯ ಶತಮಾನದಲ್ಲಿ ಇಟಲಿದೇಶದ ಬೆನೆಡಿಕ್ಟನು ತನ್ನ ಮಠಗಳಿಗೆ ಬರೆದುಕೊಟ್ಟ ನಿಯಮಾವಳಿಯಲ್ಲಿಯೂ ಪ್ರಾರ್ಥನೆ, ಓದು, ದೇಹದ ದುಡಿಮೆಗಳಿಗೆ ಬೇರೆ ಬೇರೆ ಹೊತ್ತುಗಳು ಗೊತ್ತಾಗಿರುವವು.

ಈ ವೃದ್ಧನ ಕಥೆಯನ್ನು ಕೇಳಿದಾಗ ನಮಗೆ ನುಲಿಯ ಚಂದಯ್ಯನವರ ನೆನಪಾಗದೆ ಇರದು. ಇವರೂ ಹುಲ್ಲು ಕೊಯ್ದು ಹಗ್ಗ ಹೊಸೆದವರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬೀಳಲು, ಕಾಯಕವನ್ನು ನಿಲ್ಲಿಸದೆ ಮುಂದುವರಿದರೆಂದೂ, ಲಿಂಗವೇ ಅವರ ಬೆನ್ನು ಹತ್ತಿ ಬರಲು, ಅದೂ ಕಾಯಕಕ್ಕೆ ಒಪ್ಪಿದ ಮೇಲೆಯೇ ಅದನ್ನು ಸ್ವೀಕರಿಸಿದರೆಂದೂ ಶೂನ್ಯಸಂಪಾದನೆಯ ಪ್ರಸಂಗವು ಹೇಳುವದು. ಇಬ್ಬರ ನಿಷ್ಠೆಯೂ ಸಮವೇ. ಆದರೆ ಒಂದು ಭೇದವುಂಟು. ಪೌಲನು ತನ್ನ ಕೆಲಸವನ್ನು ಬೆಂಕಿಗೆ ಹಾಕಿದನು. ಚಂದಯ್ಯನವರು ಹಗ್ಗವನ್ನು ಮಾರಿ ಜಂಗಮದಾಸೋಹಕ್ಕೆ ಸಲ್ಲಿಸಿದರು. ಒಬ್ಬನಿಗೆ ದುಡಿಮೆಯು ಮನಸ್ಸನ್ನು ಕಟ್ಟುವ ಗೂಟ. ಮತ್ತೊಬ್ಬರಿಗೆ ಅದು ಗೂಟವೂ ಅಹುದು, ಹಸಿದವರ ಅನ್ನವೂ ಅಹುದು. ಊರೊಳಗೆ ಬಾಳುವ ನಮಗೆ ಎರಡನೆಯದೇ ಮಾರ್ಗ. ನಮ್ಮ ನಿಯಮವು ನಮ್ಮೊಳಗೇ ಉರಿದು ಬೂದಿಯಾಗದೆ, ಮತ್ತೊಬ್ಬರ ಬಟ್ಟಲಿಗೆ ಮುಟ್ಟಬೇಕು.

ಕ್ರೈಸ್ತರಲ್ಲಿಯೂ ಹಾಗೆ ಮುಟ್ಟಿದ ದುಡಿಮೆಯುಂಟು. ಅದಕ್ಕೆ ಐಗುಪ್ತದೇಶದ ವರೆಗೆ ಹೋಗಬೇಕಾಗಿಲ್ಲ, ಧಾರವಾಡವೇ ಸಾಕು. ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಸಾಹೇಬರು 1832ರಲ್ಲಿ ಜರ್ಮನ್ ದೇಶದಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನಿನ ಪಾದ್ರಿಗಳಾಗಿ ಈ ನಾಡಿಗೆ ಬಂದರು. ಧಾರವಾಡ, ಮಡಿಕೇರಿ, ಮಂಗಳೂರು ಮೊದಲಾದ ಸ್ಥಳಗಳಲ್ಲಿ ವಾಸಿಸಿ ಕನ್ನಡವನ್ನು ಕಲಿತರು. ತಮ್ಮ ಸ್ವಾಮಿಯಾದ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ಯಾಗಿ 1862ರಲ್ಲಿ ಹಾಡಿದರು. ಓಲೆಗರಿಗಳನ್ನು ಹುಡುಕಿ, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳುಳ್ಳ ಕನ್ನಡ–ಇಂಗ್ಲಿಷ್ ನಿಘಂಟುವು ಮಂಗಳೂರಿನಲ್ಲಿ ಪ್ರಕಟವಾದದ್ದು 1894ರಲ್ಲಿ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903ರಲ್ಲಿ, ತಮ್ಮ ಕನ್ನಡ ವ್ಯಾಕರಣವು ಪ್ರಕಟವಾದ ವರ್ಷದಲ್ಲಿಯೇ, ಅವರು ಕಾಲವಾದರು.

ಅವರು ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ 1876ರಲ್ಲಿ ಒಂದು ಪುಸ್ತಿಕೆಯನ್ನೂ ಬರೆದರು. ಅದರ ನಿರ್ಣಯಗಳಿಗೆ ನಾವು ಕಟ್ಟುಬಿದ್ದವರಲ್ಲ. ಆದರೆ ಅವರ ನಿಘಂಟುವನ್ನು ತೆರೆಯದ ಕನ್ನಡ ಪಂಡಿತನು ಯಾವನು? ನನ್ನ ಮೇಜಿನ ಮೇಲೆ ಅದು ವಿಭೂತಿಗಟ್ಟಿಯ ಪಕ್ಕದಲ್ಲಿಯೇ ಇರುವದು. ಒಂದು ಶಬ್ದ, ಅದರ ಮೂಲ, ಅದರ ಪ್ರಯೋಗ, ಮುಂದೆ ಮತ್ತೊಂದು ಶಬ್ದ; ಹೀಗೆ ವರ್ಷಾನುವರ್ಷ ನಡೆದ ಕೆಲಸವದು. ಇಂದು ಮನಸ್ಸಿಲ್ಲವೆಂದು ಪ್ರತಿಯೊಂದು ಬೇಸರದ ದಿನವೂ ಲೆಕ್ಕಣಿಕೆಯನ್ನು ಕೆಳಗಿಟ್ಟಿದ್ದರೆ ‘ಅ’ಕಾರದಿಂದ ‘ಳ’ಕಾರದ ವರೆಗೆ ಮುಟ್ಟುವದು ಯಾರಿಗೂ ಸಾಧ್ಯವಾಗುವದಿಲ್ಲ. ಮತವನ್ನು ಬೋಧಿಸಲು ಬಂದವರ ನಿಷ್ಠೆಯು ನಮ್ಮ ತಾಯ್ನುಡಿಯ ದಾಸೋಹವಾಗಿ ಪರಿಣಮಿಸಿತು. ಇದೇ ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿಯನ್ನು ಮಾಡುತ್ತ, ಮನೆ ಮನೆ ಅಲೆದು ವಚನಗಳ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನೂ, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನೂ ನಡೆಯಿಸಿದ್ದು ಅದೇ ಜಾತಿಯ ನಿಷ್ಠೆಯಿಂದ. ಅವರಿಗೆ ಪಾದ್ರಿಗಳ ಮತವು ಬೇಡವಾಗಿತ್ತು. ಆ ದುಡಿಮೆಯ ಗುಣವು ಅವರಲ್ಲಿ ಮೊದಲೇ ಇತ್ತು.

ಇನ್ನು ನನ್ನ ಸಂಗತಿಯೊಂದನ್ನು ಹೇಳಬೇಕಾಗಿದೆ. ಹೇಳದಿದ್ದರೆ ಇಷ್ಟು ಹೊತ್ತು ಹೇಳಿದ್ದು ಪುಸ್ತಕದ ಮಾತೇ ಆಗುವದು. ಮೂವತ್ತು ವರ್ಷಗಳ ಕೆಳಗೆ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿರುವಾಗ, ಅಧ್ಯಯನವೂ ಪೂಜೆಯೇ ಎಂದು ನಾನು ನನಗೆ ಹೇಳಿಕೊಂಡು, ಲಿಂಗಪೂಜೆಯನ್ನು ಒಂದು ದಿನ ಬೆಳಿಗ್ಗೆ, ಒಂದು ದಿನ ಮಧ್ಯಾಹ್ನ, ಒಂದು ದಿನ ಊಟದ ಗಂಟೆಯಾದ ಮೇಲೆ ಅವಸರದಿಂದ ಮಾಡತೊಡಗಿದೆನು. ಪೂಜೆಯನ್ನು ಬಿಟ್ಟೆನೆಂದು ಯಾರೂ ಅನ್ನುವಂತಿರಲಿಲ್ಲ. ಲಿಂಗವು ಅಂಗೈಯಲ್ಲಿ, ಮನಸ್ಸು ಸೂತ್ರವೃತ್ತಿಯಲ್ಲಿ. ಒಂದು ದಿನ ನಮ್ಮ ಗುರುಗಳು, “ತಮ್ಮಾ, ನಿನ್ನೆ ಎಷ್ಟು ಹೊತ್ತಿಗೆ ಕುಳಿತಿದ್ದಿ?” ಎಂದು ಕೇಳಿದರು. ನನಗೆ ನೆನಪೇ ಆಗಲಿಲ್ಲ. ಅವರು ಬೈಯಲಿಲ್ಲ. “ನಾಳೆಯಿಂದ ಕಾಲುಗಂಟೆ ಮಾತ್ರ ಕುಳಿತುಕೋ; ಆದರೆ ಹೊತ್ತನ್ನು ಬದಲಿಸಬೇಡ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸಾಲ ತೀರಿಸಲು ಹೋಗಬೇಡ. ತಪ್ಪಿತೆಂದು ಒಪ್ಪಿಕೊಂಡು ಅದೇ ಹೊತ್ತಿಗೆ ಮತ್ತೆ ಕುಳಿತುಕೋ” ಎಂದರು.

ಆ ಮಾತಿನ ಬೆಲೆಯು ನನಗೆ ಅಂದು ತಿಳಿಯಲಿಲ್ಲ, ಸ್ವಲ್ಪ ಅವಮಾನವೆನಿಸಿತು. ಅನಂತರ ತಿಳಿದದ್ದೇನೆಂದರೆ, ನಿಯಮವು ಕೆಡುವದು ತಪ್ಪಿದ ದಿನದಿಂದಲ್ಲ, ತಪ್ಪಿಗೆ ನಾವು ಹೇಳಿಕೊಳ್ಳುವ ನ್ಯಾಯದಿಂದ. ಎರಡರಷ್ಟು ಮಾಡುವೆನೆಂಬ ಹಟವೂ ಅಹಂಕಾರವೇ. ಅದು ಎರಡು ದಿನದಲ್ಲಿ ದಣಿದು, ಮೂರನೆಯ ದಿನ ಪೂಜೆಯನ್ನೇ ಬಿಡಿಸುವದು.

ನಿಯಮದಿಂದ ಹುಟ್ಟುವ ಮತ್ತೊಂದು ವಿಷವನ್ನೂ ನೆನೆಯಬೇಕು. ಕ್ರೈಸ್ತರ ಲೂಕನ ಸುವಾರ್ತೆಯಲ್ಲಿ ಇಬ್ಬರು ದೇವಾಲಯಕ್ಕೆ ಹೋಗುವರು. ಒಬ್ಬನು ತಾನು ವಾರಕ್ಕೆ ಎರಡು ಉಪವಾಸ ಮಾಡುವದನ್ನೂ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕೊಡುವದನ್ನೂ ದೇವರೆದುರು ಎಣಿಸುವನು. ಸುಂಕದವನಾದ ಮತ್ತೊಬ್ಬನು ದೂರ ನಿಂತು ಎದೆ ಬಡಿದುಕೊಂಡು ಕರುಣೆಯನ್ನು ಬೇಡುವನು. ನೀತಿವಂತನೆನಿಸಿ ಮನೆಗೆ ಹೋದವನು ಈ ಎರಡನೆಯವನು. ನಮ್ಮ ಶರಣರು ಡಂಭಾಚಾರವನ್ನು ಕಂಡಲ್ಲಿ ಕಠಿಣವಾಗಿ ನುಡಿದದ್ದೂ ಇದಕ್ಕಾಗಿಯೇ. ನೆರೆಯವನ ಹಣೆಯ ವಿಭೂತಿಯನ್ನು ಅಳೆಯಲು ನಿಯಮವನ್ನು ಉಪಯೋಗಿಸುವವನು ತನ್ನ ಅವಧಾನವನ್ನು ಹೊರಗೆ ಮೇಯಲು ಬಿಟ್ಟವನು.

ವಿದ್ಯಾರ್ಥಿಗಳೇ, ಈ ಉತ್ಸವವು ಮುಗಿದು ಚಪ್ಪರವನ್ನು ಬಿಚ್ಚಿದ ಮರುದಿನ ಬೆಳಿಗ್ಗೆ ನಿಮ್ಮ ನಿಷ್ಠೆಯ ಪರೀಕ್ಷೆಯಾಗುವದು. ಅಂದು ವಾದ್ಯವಿರದು, ಜನವಿರದು, ಪ್ರಾಯಶಃ ಮನಸ್ಸೂ ಇರದು. ದೊಡ್ಡ ವ್ರತಗಳನ್ನು ಇಂದು ಹಿಡಿಯಬೇಡಿರಿ. ಕಾಲುಗಂಟೆಯ ಪೂಜೆ, ಒಂದು ವಚನದ ಚಿಂತನೆ, ಕೈಗೆ ಬಂದ ಕಾಯಕ, ಅದರಲ್ಲಿ ಮತ್ತೊಬ್ಬರಿಗೆ ಒಂದು ಪಾಲು. ಇಷ್ಟನ್ನು ಗೊತ್ತಾದ ಹೊತ್ತಿಗೆ ನಡೆಯಿಸಿರಿ. ಗೃಹಸ್ಥರಿಗೂ ನನ್ನ ಬಿನ್ನಹವು ಇದೇ. ತಪ್ಪಿದವರು ನಾಚಿ ಹಿಂದೆ ಉಳಿಯಬೇಡಿರಿ. ನಾನೂ ತಪ್ಪಿದವನೇ, ಮರಳಿ ಕುಳಿತವರ ಸಾಲಿನಲ್ಲಿ ನಿಮಗೂ ಸ್ಥಳವುಂಟು.