ಕೊನೇ ಪಂಕ್ತಿಯ ಸಾಲ

ಸಹಕಾರಿ ಬ್ಯಾಂಕುಗಳ ನೌಕರ ಬಂಧುಗಳೇ,

ನಮ್ಮ ಸಮ್ಮೇಳನಗಳಲ್ಲಿ ವರ್ಷವರ್ಷವೂ ಸುಸ್ತಿದಾರರ ಮಾತು ಬರುತ್ತದೆ, ವಸೂಲಿಯ ಮಾತು ಬರುತ್ತದೆ. ಇವತ್ತು ನಾನು ಬೇರೊಬ್ಬ ಸಾಲಗಾರನ ವಿಷಯ ಎತ್ತುತ್ತೇನೆ. ಆ ಸಾಲಗಾರ ನಮ್ಮ ಬ್ಯಾಂಕೇ.

ಠೇವಣಿ ಎಂದರೆ ಬ್ಯಾಂಕು ಜನರಿಂದ ತಂದ ಸಾಲ ಎಂಬುದು ನಿಮಗೆ ಹೊಸದಲ್ಲ. ಅದರಾಚೆಗೂ ಬ್ಯಾಂಕು ಸಾಲ ಎತ್ತುತ್ತದೆ. ಮೇಲಿನ ಸಂಸ್ಥೆ ಒಂದು ಲಿಮಿಟ್ ಮಂಜೂರು ಮಾಡಿಡುತ್ತದೆ. ಬೇಕಾದಾಗ ಡ್ರಾ ಮಾಡುವುದು, ಕೈಗೆ ಬಂದಾಗ ಕಟ್ಟುವುದು, ಅಂಗಡಿಯ ಉದ್ರಿ ಖಾತೆಯ ಹಾಗೆ. ಇನ್ನೊಂದು ಅಧೀನ ಸಾಲ. ಬ್ಯಾಂಕು ಮುಳುಗಿದರೆ ಠೇವಣಿದಾರರಿಗೂ ಉಳಿದ ಸಾಲಿಗರಿಗೂ ಕೊಟ್ಟು ಮಿಕ್ಕಿದ್ದು ನನಗೆ ಬರಲಿ ಎಂದು ಒಪ್ಪಿ ಕೊಟ್ಟ ದುಡ್ಡು ಅದು.

ಮೊದಲು ಲಿಮಿಟ್ಟಿನ ಮಾತು. ಮುಂಗಾರು ಬಿದ್ದ ಮೇಲೆ ರೈತ ಪಹಣಿ ಹಿಡಿದು ವ್ಯವಸಾಯ ಸೇವಾ ಸಹಕಾರ ಸಂಘದ ಕಾರ್ಯದರ್ಶಿಯ ಮೇಜಿನ ಮುಂದೆ ನಿಲ್ಲುತ್ತಾನೆ. ಆ ಸಂಘಕ್ಕೆ ದುಡ್ಡು ಜಿಲ್ಲೆಯ ಡಿಸಿಸಿ ಬ್ಯಾಂಕಿನಿಂದ, ಡಿಸಿಸಿಗೆ ರಾಜ್ಯದ ಅಪೆಕ್ಸ್ ಬ್ಯಾಂಕಿನಿಂದ, ಅಪೆಕ್ಸಿಗೆ ನಬಾರ್ಡಿನಿಂದ. 2023-24ರಲ್ಲಿ ನಬಾರ್ಡ್ ನಮ್ಮ ರಾಜ್ಯಕ್ಕೆ ರಿಯಾಯಿತಿ ಬಡ್ಡಿಯ ಅಲ್ಪಾವಧಿ ಕೃಷಿ ಸಾಲಕ್ಕೆಂದು 5,600 ಕೋಟಿ ರೂಪಾಯಿಯ ಮಿತಿ ಮಂಜೂರು ಮಾಡಿತ್ತು. 2024-25ರಲ್ಲಿ ಅದು 2,340 ಕೋಟಿಗೆ ಇಳಿಯಿತು. ರಿಸರ್ವ್ ಬ್ಯಾಂಕು ತನಗೆ ಕೊಡುವ ಲಿಮಿಟ್ಟನ್ನೇ ಕಡಿಮೆ ಮಾಡಿದೆ ಎಂಬುದು ನಬಾರ್ಡಿನ ಕಾರಣ. ಮುಖ್ಯಮಂತ್ರಿಗಳೇ ದೆಹಲಿಗೆ ಹೋಗಿ ಹಣಕಾಸು ಸಚಿವರನ್ನು ಕಂಡುಬಂದರು. ಕೈಗಡ ತಂದು ಮಾರ್ಚ್‌ನಲ್ಲಿ ಸಾಲ ತೀರಿಸಿ, ಏಪ್ರಿಲ್‌ನಲ್ಲಿ ರಿನ್ಯೂವಲ್ ಆಗುತ್ತದೆಂದು ನಂಬಿ ಕೂತ ರೈತ ಏನು ತಪ್ಪು ಮಾಡಿದ್ದ? ಲಿಮಿಟ್ ಕಾಗದದ ಮೇಲಿರುವವರೆಗೆ ನಮ್ಮದು. ಅದನ್ನು ಬರೆದ ಕೈ ಯಾವಾಗ ಬೇಕಾದರೂ ಅಳಿಸಬಹುದು. ಅದನ್ನೇ ನಂಬಿ ಸ್ವಂತ ಠೇವಣಿ ಕೂಡಿಸುವುದನ್ನು ಮರೆತ ಸಂಘಗಳನ್ನು ನೋಡಿ ನನಗೆ ಸಂಕಟವಾಗುತ್ತದೆ.

ನನ್ನ ಮನಸ್ಸಿನಲ್ಲಿ ಹೆಚ್ಚು ಕೊರೆಯುತ್ತಿರುವುದು ಎರಡನೆಯ ಸಾಲ. ಮದುವೆಮನೆಯ ಊಟವನ್ನು ನೆನೆಯಿರಿ. ಮೊದಲ ಪಂಕ್ತಿಯಲ್ಲಿ ಕೂತವರು ಠೇವಣಿದಾರರು. ಅಧೀನ ಸಾಲ ಕೊಟ್ಟವರಿಗೆ ಕೊನೇ ಪಂಕ್ತಿ. ಅವರೂ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಮನೆಯವರಿಗೆ, ಅಂದರೆ ಷೇರುದಾರರಿಗೆ. ಕೊನೇ ಪಂಕ್ತಿಯವರು ಕಾಯುತ್ತಾರೆಂದೇ ಅವರಿಗೆ ಬಡ್ಡಿ ಒಂದಿಷ್ಟು ಜಾಸ್ತಿ. ಕಾಯಲು ಒಪ್ಪಿದ ಈ ದುಡ್ಡನ್ನು ರಿಸರ್ವ್ ಬ್ಯಾಂಕು ಎರಡನೇ ದರ್ಜೆಯ ಬಂಡವಾಳವೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ಅವಧಿ ಮುಗಿಯಲು ಐದು ವರ್ಷಕ್ಕಿಂತ ಕಡಿಮೆ ಉಳಿದ ಮೇಲೆ ವರ್ಷಕ್ಕೆ 20 ಪ್ರತಿಶತದಂತೆ ಕಳೆಯುತ್ತ ಹೋಗುತ್ತದೆ. ದುಡ್ಡು ಬ್ಯಾಂಕಿನಲ್ಲೇ ಇರುತ್ತದೆ, ಬಂಡವಾಳದ ಲೆಕ್ಕದಲ್ಲಿ ಮಾತ್ರ ಕರಗುತ್ತದೆ. ಹೀಗಾಗಿ ಮಾರ್ಚ್ 31 ಹತ್ತಿರ ಬಂದಂತೆ ಹೊಸದಾಗಿ ಎತ್ತಲೇಬೇಕಾದ ಒತ್ತಡ. ಇದರ ಮೇಲೆ ಎರಡನೇ ಹಂತದಿಂದ ನಾಲ್ಕನೇ ಹಂತದವರೆಗಿನ ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ಬಂಡವಾಳದ ಪ್ರಮಾಣ 12 ಪ್ರತಿಶತ ಇರಬೇಕು, ಅದಕ್ಕೆ ಗಡುವು 2026ರ ಮಾರ್ಚ್ 31 ಎಂದು ನಿಯಮವಾಯಿತು. ಆ ಭಾರವೆಲ್ಲ ಕೊನೆಗೆ ಬಂದು ಬೀಳುವುದು ನಿಮ್ಮ ಕೌಂಟರಿನ ಮೇಲೆ.

ಕೌಂಟರಿನಲ್ಲಿ ಏನಾಗಬಹುದು ಎಂಬುದಕ್ಕೆ ಯೆಸ್ ಬ್ಯಾಂಕಿನ ಉದಾಹರಣೆ ಇದೆ. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇಲೆ ಕೇಂದ್ರ ಸರ್ಕಾರ ಅದರ ವಹಿವಾಟಿಗೆ ತಡೆ ಹಾಕಿ, 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. 18ರ ಸಂಜೆ ತಡೆ ತೆರವಾಯಿತು, ಠೇವಣಿದಾರರ ದುಡ್ಡು ಉಳಿಯಿತು. ಅಷ್ಟರೊಳಗೆ 8,415 ಕೋಟಿ ರೂಪಾಯಿಯ ಎಟಿ-1 ಬಾಂಡುಗಳನ್ನು ಸೊನ್ನೆಗೆ ಇಳಿಸಿಯಾಗಿತ್ತು. ಅಧೀನ ಸಾಲದಲ್ಲೇ ಅತಿ ಕೆಳಗಿನ ಮೆಟ್ಟಿಲು ಈ ಎಟಿ-1. ಇದಕ್ಕೆ ತೀರುವಳಿಯ ಅವಧಿಯೇ ಇಲ್ಲ. ವಿಚಿತ್ರವೆಂದರೆ ಷೇರುಗಳು ಪೂರ್ತಿ ಅಳಿಯಲಿಲ್ಲ. ಮನೆಯವರ ಎಲೆ ಹಾಗೇ ಇತ್ತು, ಕೊನೇ ಪಂಕ್ತಿಯವರ ಎಲೆ ಎತ್ತಿದರು. 2023ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆ ಕ್ರಮವನ್ನು ರದ್ದುಮಾಡಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ನಾನು ಮತ್ತೆ ಮತ್ತೆ ನೆನೆಯುವುದು 8,415 ಕೋಟಿಯನ್ನಲ್ಲ, 277 ಎಂಬ ಸಂಖ್ಯೆಯನ್ನು. ಷೇರುಪೇಟೆಯ ನಿಯಂತ್ರಕ ಸೆಬಿ 2021ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ 277 ಗ್ರಾಹಕರು ಅವಧಿಗೆ ಮೊದಲೇ ಎಫ್‌ಡಿ ಮುರಿಸಿ ಈ ಬಾಂಡು ಕೊಂಡಿದ್ದರು. ಒಬ್ಬೊಬ್ಬರ ಎದುರೂ ನಮ್ಮಂಥ ಯಾರೋ ಒಬ್ಬರು ಕೂತಿದ್ದರು. ದಂಡ ಹಾಕಿದ ಆ ಆದೇಶದ ಮೇಲೆ ಬ್ಯಾಂಕು ಮೇಲ್ಮನವಿಗೆ ಹೋಯಿತು. ಅದಕ್ಕೂ ಮೊದಲೇ, 2020ರ ಅಕ್ಟೋಬರಿನಲ್ಲಿ, ಎಟಿ-1 ಬಾಂಡನ್ನು ದೊಡ್ಡ ಸಾಂಸ್ಥಿಕ ಹೂಡಿಕೆದಾರರಿಗಷ್ಟೇ, ಅದೂ ಒಂದು ಕೋಟಿಗೆ ಕಡಿಮೆಯಿಲ್ಲದಂತೆ ಕೊಡಬೇಕೆಂದು ಸೆಬಿ ಕಟ್ಟುಮಾಡಿತ್ತು. ಅದೇ ವರ್ಷದ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕಿನ 318.20 ಕೋಟಿಯ ಎರಡನೇ ದರ್ಜೆಯ ಬಾಂಡುಗಳೂ ಅಳಿದುಹೋದವು.

ಅದು ದೊಡ್ಡ ಬ್ಯಾಂಕುಗಳ ಸುದ್ದಿ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಇದೇ ಸಾಲಕ್ಕೆ ದೀರ್ಘಾವಧಿ ಅಧೀನ ಠೇವಣಿ ಎಂದು ಹೆಸರು. ಠೇವಣಿ ಎಂಬ ಆ ಒಂದು ಮಾತು ಎಷ್ಟು ಜನರಿಗೆ ಧೈರ್ಯ ಕೊಟ್ಟಿದೆ, ಯೋಚಿಸಿ.

ಹದಿನೈದು ವರ್ಷದ ಹಿಂದೆ ನಾನು ಶಾಖೆಯೊಂದರ ಮ್ಯಾನೇಜರನಾಗಿದ್ದೆ. ನಿವೃತ್ತ ಶಿಕ್ಷಕಿಯೊಬ್ಬರು ಎಫ್‌ಡಿ ರಿನ್ಯೂ ಮಾಡಿಸಲು ಬಂದಿದ್ದರು. "ಟೀಚರ್, ಇದರಲ್ಲಿಡಿ, ಬಡ್ಡಿ ಜಾಸ್ತಿ ಬರುತ್ತೆ" ಎಂದೆ. ಸುಳ್ಳು ಹೇಳಲಿಲ್ಲ. ಆದರೆ ಪೂರ್ತಿ ಹೇಳಲಿಲ್ಲ. ಮೂರನೇ ವರ್ಷ ಮಗಳ ಆಪರೇಷನ್ ಎಂದು ಬಂದರು. ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಿಂದ ರಸೀದಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟು, "ಸಾರ್, ಇದನ್ನು ಮುರಿಸಿಕೊಡಿ" ಎಂದರು. ಎಫ್‌ಡಿ ರಸೀದಿಯದೇ ಹಸಿರು ಕಾಗದ, ಅದೇ ಲಾಂಛನ, ಕೆಳಗೆ ನನ್ನದೇ ಸಹಿ. ಅಧೀನ ಎಂಬ ಮಾತು ಮೇಲ್ಗಡೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿತ್ತು. ಅವಧಿಗೆ ಮುಂಚೆ ಮುರಿಸಲು ನಿಯಮವಿಲ್ಲ, ಅದರ ಮೇಲೆ ಸಾಲ ಕೊಡುವಂತೆಯೂ ಇಲ್ಲ. ಪಕ್ಕದ ಕೌಂಟರಿನಲ್ಲಿ ಸರಾಫರು ಅವರ ಎರಡು ಬಳೆ ತೂಗಿದರು. ತನ್ನದೇ ದುಡ್ಡು ಒಳಗಿದ್ದ ಬ್ಯಾಂಕಿನಲ್ಲಿ ಆ ತಾಯಿ ಒಡವೆ ಅಡವಿಟ್ಟು ಬಡ್ಡಿ ಕಟ್ಟಿದರು. ಬ್ಯಾಂಕು ಮುಳುಗಲಿಲ್ಲ, ಅವಧಿ ಮುಗಿದ ದಿನ ಅಸಲು ಕೈಸೇರಿತು. ಅಷ್ಟಾದರೂ ಆ ತಕ್ಕಡಿ ನನ್ನ ಕಣ್ಣಿನಿಂದ ಹೋಗಿಲ್ಲ.

ಅಧೀನ ಸಾಲ ಬೇಡವೆಂದು ನಾನು ಹೇಳುತ್ತಿಲ್ಲ. ಕೊನೇ ಪಂಕ್ತಿಯಲ್ಲಿ ಕೂರುವವರು ಇದ್ದರೇ ಮೊದಲ ಪಂಕ್ತಿಯವರಿಗೆ ಭದ್ರತೆ. ಯಾವ ಪಂಕ್ತಿ ಎಂಬುದನ್ನು ಕೂರುವ ಮುಂಚೆ ಹೇಳೋಣ. ನಿಮ್ಮ ಚೀಲದಲ್ಲಿ ಒಂದು ಪುಟದ ಕರಡು ಇಟ್ಟಿದ್ದೇನೆ. ನಡುವೆ ಮುರಿಸಬಹುದೇ, ಇದರ ಮೇಲೆ ಸಾಲ ಸಿಗುತ್ತದೆಯೇ, ವಿಮೆ ಉಂಟೇ, ಬ್ಯಾಂಕಿಗೆ ಕಷ್ಟ ಬಂದರೆ ನನಗಿಂತ ಮುಂದೆ ಯಾರಿದ್ದಾರೆ ಎಂಬ ನಾಲ್ಕು ಪ್ರಶ್ನೆಗೆ ಕನ್ನಡದಲ್ಲಿ ಉತ್ತರ, ಬಡ್ಡಿದರ ಅಚ್ಚಾಗುವಷ್ಟೇ ದಪ್ಪ ಅಕ್ಷರದಲ್ಲಿ. ಓದಿ ಹೇಳಿದ ನೌಕರನ ಸಹಿಗೂ ಅದರಲ್ಲಿ ಜಾಗವಿದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಅದನ್ನು ಒಂದೊಂದೇ ಸಾಲಾಗಿ ಓದಿ, ತಿದ್ದಿ, ಸಂಜೆಯೊಳಗೆ ನಿರ್ಣಯಕ್ಕೆ ತನ್ನಿ ಎಂದು ಕೇಳಿಕೊಳ್ಳುತ್ತೇನೆ.