ಮಾಗಿಯಲ್ಲಿ ಮಕ್ಕಳೊಡನೆ ಸಾಬೂನಿನ ಕೆಲಸ



ಮಾಗಿಯ ಚಳಿಯಲ್ಲಿ ಮಕ್ಕಳನ್ನು ನೀರಿನ ಬಳಿಗೆ ಕರೆತರುವುದು ಎಷ್ಟು ಕಷ್ಟವೆಂಬುದನ್ನು ತಾಯ್ತಂದೆಗಳಿಗೆ ನಾವು ಹೇಳಬೇಕಾಗಿಲ್ಲ. ಬೆರಳ ತುದಿಯನ್ನು ಮಾತ್ರ ನೀರಿಗೆ ತಾಕಿಸಿ ಬಂದವನೂ ಕೈತೊಳೆದೆನೆಂದೇ ಹೇಳುತ್ತಾನೆ. ಗದರಿಕೆಯಿಂದ ಬಂದ ಅಭ್ಯಾಸ, ಗದರುವವರು ಮರೆಯಾದೊಡನೆ ತಾನೂ ಮರೆಯಾಗುತ್ತದೆ. ತಾನೇ ಮಾಡಿದ ವಸ್ತುವಿನ ಮೇಲೆ ಮಗುವಿಗಿರುವ ಅಕ್ಕರೆ ಹಾಗಲ್ಲ. ಆ ಅಕ್ಕರೆಯನ್ನು ಕೈತೊಳೆಯುವ ಅಭ್ಯಾಸಕ್ಕೆ ಗಂಟುಹಾಕುವ ಚಿಕ್ಕ ಉಪಾಯವೊಂದನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

ಪೀಣ್ಯದ ಆಚೆ, ತುಮಕೂರು ರಸ್ತೆಯ ಮಗ್ಗುಲಿಗಿರುವ ಬಾಗಲಗುಂಟೆಯ ಮಕ್ಕಳಿಗೆ ಸಾಬೂನಿನ ಚರಿತ್ರೆ ದೂರದ್ದಲ್ಲ. ಆ ಕಡೆಯಿಂದ ಮೆಟ್ರೋ ರೈಲಿನಲ್ಲಿ ಪೇಟೆಗೆ ಬರುವವರಿಗೆ, ಯಶವಂತಪುರ ದಾಟಿದೊಡನೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿಯೆಂಬ ನಿಲ್ದಾಣವೇ ಎದುರಾಗುತ್ತದೆ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ, ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವ ದಾರಿ ಕಟ್ಟಿತು. ಕೊರಡುಗಳು ಇಲ್ಲಿಯೇ ರಾಶಿಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆಯನ್ನು ನಾಡಿನಲ್ಲಿಯೇ ತೆಗೆಯುವ ಏರ್ಪಾಡಾಯಿತು. ಆ ಎಣ್ಣೆಯನ್ನು ಬೆರೆಸಿ, ರಸಾಯನಶಾಸ್ತ್ರಜ್ಞರಾದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಸಿಂಹದ ಮೈ, ಆನೆಯ ತಲೆಯುಳ್ಳ ಶರಭವೇ ಅದರ ಗುರುತು. ಕೆಲಸಕ್ಕೆ ಕುಳಿತಾಗ ಈ ಕಥೆಯನ್ನು ಮಕ್ಕಳಿಗೆ ಹೇಳಬಹುದು.

ಎಣ್ಣೆಗೆ ಕಾಸ್ಟಿಕ್ ಸೋಡ ಸೇರಿ ಸಾಬೂನಾಗುತ್ತದೆ. ಆ ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುವಂಥದು; ಆದುದರಿಂದ ಮನೆಯಲ್ಲಿ ಮಕ್ಕಳೊಡನೆ ಆ ಕೆಲಸ ಸರ್ವಥಾ ಕೂಡದು. ಆಗಲೇ ಸಾಬೂನಾಗಿರುವುದಕ್ಕೆ ಹೊಸ ರೂಪವನ್ನು ಕೊಡುವುದಷ್ಟೇ ನಮ್ಮ ಉದ್ದೇಶ. ಬಚ್ಚಲಿನಲ್ಲಿ ಸವೆದು ಉಳಿದ ಬಿಲ್ಲೆಗಳೇ ಇದಕ್ಕೆ ಸಾಕು.

ಒಣಗಿದ 100 ಗ್ರಾಂ ಸಾಬೂನನ್ನು ತುರಿಯಿರಿ. ತುರಿಯುವ ಕೆಲಸ ದೊಡ್ಡವರದಾಗಲಿ. ತುರಿಮಣೆ ಅಡಿಗೆಯ ಮನೆಯದಾಗದೆ ಬೇರೆಯಾಗಿರತಕ್ಕದ್ದು. ತುರಿಗೆ ಎರಡು ಸಣ್ಣ ಚಮಚ ಉಗುರುಬೆಚ್ಚನೆಯ ನೀರನ್ನು ಚಿಮುಕಿಸಿ, ಕಾಲು ಗಂಟೆ ಮುಚ್ಚಿಡಿ. ಬಳಿಕ ಮಕ್ಕಳು ಅದನ್ನು ಚಪಾತಿಯ ಹಿಟ್ಟಿನಂತೆ ನಾದಲಿ. ಉದುರಿದರೆ ಇನ್ನೂ ಕೆಲವು ತೊಟ್ಟು ನೀರು. ಅಂಟಿದರೆ ಸ್ವಲ್ಪ ತುರಿ. ಕೈಯನ್ನು ಕಣ್ಣಿಗೆ ಒಯ್ಯದಂತೆ ಮೊದಲೇ ಎಚ್ಚರಿಸಬೇಕು.

ಇಲ್ಲೊಂದು ವಿನೋದವುಂಟು. ಬಿಳಿಯ ಮುದ್ದೆಯ ಒಂದು ಭಾಗಕ್ಕೆ ಚಿಟಿಕೆ ಅರಿಸಿನವನ್ನು ಬೆರೆಸಿದರೆ, ಹಳದಿಯಾಗಬೇಕಾದುದು ಕೆಂಪಿಗೆ ತಿರುಗುತ್ತದೆ. ಸುಣ್ಣ ಸೇರಿದ ಅರಿಸಿನದ ನೀರು ಆರತಿಯ ತಟ್ಟೆಯಲ್ಲಿ ಓಕುಳಿಯಾಗುವುದೂ, ಬಟ್ಟೆಯ ಅರಿಸಿನದ ಕಲೆ ಸಾಬೂನು ಸೋಕಿ ಕೆಂಪಾಗುವುದೂ ಇದೇ ಕಾರಣದಿಂದ. ಕ್ಷಾರವನ್ನು ಅರಿಸಿನ ತೋರಿಸಿಕೊಡುತ್ತದೆ. ಬರಿಯ ಮಾತಿನಿಂದ ತಿಳಿಯದ ರಸಾಯನಶಾಸ್ತ್ರದ ಮೊದಲ ಪಾಠ ಹೀಗೆ ಅಂಗೈಯಲ್ಲಿ ತಿಳಿಯುತ್ತದೆ.

ಇನ್ನು ಆಕಾರದ ವಿಚಾರ. ಶೀತದೇಶಗಳಲ್ಲಿ ಮಕ್ಕಳು ಹಿಮದ ಮನುಷ್ಯನನ್ನು ಮಾಡುತ್ತಾರೆ. ಬೆಂಗಳೂರಿನ ಮಾಗಿಯಲ್ಲಿ ಹಿಮವಿಲ್ಲ. ಮುಂಜಾನೆಯ ಮಂಜುಂಟು, ಸಂಜೆಯ ತಿಳಿಯಾದ ಆಕಾಶವುಂಟು. ಮಾರ್ಗಶಿರ ಮಾಸಕ್ಕೆ ಹೆಸರು ಕೊಟ್ಟ ಮೃಗಶಿರಾ ನಕ್ಷತ್ರ ಈ ದಿನಗಳಲ್ಲಿ ರಾತ್ರಿಯಾಗುತ್ತಲೇ ಪೂರ್ವದಲ್ಲಿ ಏರುತ್ತದೆ. ಅದೇ ತಾರಾಮಂಡಲದಲ್ಲಿ ಮೂರು ನಕ್ಷತ್ರಗಳು ಸಾಲಾಗಿ ನಿಂತಿವೆ. ಕಾರ್ಖಾನೆಗಳ ದೀಪದ ನಡುವೆಯೂ ಅವನ್ನು ಗುರುತಿಸಬಹುದು. ಮುದ್ದೆಯನ್ನು ಕಾಗದದ ಮೇಲೆ ಬೆರಳ ದಪ್ಪಕ್ಕೆ ತಟ್ಟಿ, ರಟ್ಟಿನ ಅಂಚಿನಿಂದ ಮೂರು ನಕ್ಷತ್ರಗಳನ್ನು ಕೊಯ್ಯುವುದು ಏಳೆಂಟು ವರ್ಷದವರಿಗೂ ಸಾಧ್ಯ.

ಅವರೆಕಾಯಿ, ಕಬ್ಬಿನ ತುಂಡು, ಗಿಳಿ ಇವು ಇನ್ನೂ ಅಂದವಲ್ಲವೆ ಎಂದು ಕೆಲವರು ಕೇಳಬಹುದು. ಅವು ಬೇಡವೆಂದೇ ನಮ್ಮ ಸಲಹೆ. ಸಂಕ್ರಾಂತಿಯ ಸಕ್ಕರೆ ಅಚ್ಚುಗಳು ಮನೆಗೆ ಬರುವ ಕಾಲವಿದು. ತಟ್ಟೆಯಲ್ಲಿರುವ ಬಿಳಿಯ ಗಿಳಿ ಸಕ್ಕರೆಯದೋ ಸಾಬೂನಿನದೋ ಎಂಬುದನ್ನು ಎರಡು ವರ್ಷದ ತಂಗಿ ಬಾಯಿಂದಲೇ ಪರೀಕ್ಷಿಸುತ್ತಾಳೆ. ತಿನ್ನುವ ವಸ್ತುವಿನ ರೂಪವನ್ನು ಸಾಬೂನಿಗೆ ಕೊಡಬಾರದು. ಸಕ್ಕರೆಯ ಮರದಚ್ಚನ್ನು ಇದಕ್ಕೆ ಬಳಸಲೂಬಾರದು. ಒಣಗುವ ನಕ್ಷತ್ರಗಳು ಎಳೆಯರ ಕೈಗೆ ಎಟುಕದ ಎಡೆಯಲ್ಲಿರಲಿ. ಮಾಗಿಯ ಒಣಹವೆಯಲ್ಲಿ ನೆರಳಿನಲ್ಲಿಟ್ಟರೆ ಒಂದು ವಾರದಲ್ಲಿ ಅವು ಗಟ್ಟಿಯಾಗುತ್ತವೆ.

ಸಾಬೂನಿನ ಪ್ರತಿಯೊಂದು ಅಣುವಿನ ಒಂದು ತುದಿ ನೀರನ್ನೂ, ಇನ್ನೊಂದು ತುದಿ ಜಿಡ್ಡನ್ನೂ ಹಿಡಿಯುತ್ತದೆ. ಜಿಡ್ಡಿನೊಡನೆ ಕೊಳೆಯೂ ರೋಗಾಣುಗಳೂ ನೀರಿನಲ್ಲಿ ಹೊರಟುಹೋಗುತ್ತವೆ. ಅದಕ್ಕೆ ಇಪ್ಪತ್ತು ಸೆಕೆಂಡುಗಳ ಉಜ್ಜುವಿಕೆ ಬೇಕು. ತನ್ನ ನಕ್ಷತ್ರ ಬೇಗ ಸವೆದೀತೆಂದು ಮಗು ಅದನ್ನು ಬಚ್ಚಿಡಲೂಬಹುದು. ಆಗ ಗದರದೆ, ಇದು ಕರಗಿದರೆ ಮುಂದಿನ ಭಾನುವಾರ ಮತ್ತೆ ಮೂರನ್ನು ಮಾಡೋಣವೆಂದು ಮಾತುಕೊಡಿ. ಕೊಟ್ಟ ಮಾತನ್ನು ನಡೆಸಿರಿ. ಸಾಬೂನು ಇರುವುದು ಸವೆಯುವುದಕ್ಕಾಗಿಯೇ.