ಬಚ್ಚಿಟ್ಟ ಟ್ರಾನ್ಸ್‌ಮಿಟರ್ ಹುಡುಕುವ ಆಟ



ನಾಳೆ ನಾವು ಹ್ಯಾಮ್ ರೇಡಿಯೋದವರು ‘ಫಾಕ್ಸ್ ಹಂಟ್’ ಆಡಿಸುತ್ತೇವೆ. ನರಿಯೆಂದರೆ ಊರ ಸುತ್ತ ಎಲ್ಲೋ ಬಚ್ಚಿಟ್ಟ ಪುಟ್ಟ ಟ್ರಾನ್ಸ್‌ಮಿಟರ್. ಅದನ್ನು ನಡೆಸಲು ಕೇಂದ್ರ ಸರ್ಕಾರದ ಪರವಾನಗಿ ಬೇಕು, ಅದು ನನ್ನಲ್ಲಿದೆ. ಹುಡುಕುವುದು ನಿಮ್ಮ ಪಾಲಿಗೆ.

ತರಂಗದ ಉದ್ದ ಸುಮಾರು 2 ಮೀಟರ್. ಅದಕ್ಕೆ ಪಿವಿಸಿ ಪೈಪಿಗೆ ಉಕ್ಕಿನ ಅಳತೆ ಟೇಪಿನ ತುಂಡು ಕಟ್ಟಿ ಯಾಗಿ ಆಂಟೆನಾ ಮಾಡಿದ್ದೇವೆ. ಬೇಲಿಗೆ ತಗುಲಿದರೆ ಬಾಗುತ್ತದೆ, ಮುರಿಯುವುದಿಲ್ಲ. ಸುತ್ತಲೂ ತಿರುಗಿಸಿ, ಮೀಟರ್ ಹೆಚ್ಚು ತೋರಿಸಿದ ದಿಕ್ಕಿಗೆ ನಕ್ಷೆಯಲ್ಲಿ ಗೆರೆ ಎಳೆಯಿರಿ. ಇನ್ನೊಂದು ಜಾಗದಿಂದ ಇನ್ನೊಂದು ಗೆರೆ. ಎರಡೂ ಕೂಡುವ ಕಡೆ ನಡೆಯಿರಿ.

ಕಷ್ಟ ಶುರುವಾಗುವುದು ಹತ್ತಿರ ಹೋದ ಮೇಲೆ. ಎತ್ತ ತಿರುಗಿಸಿದರೂ ಮೀಟರ್ ತುಂಬಿಯೇ ಇರುತ್ತದೆ. ಆಗ ಯಾಗಿ ಬಿಚ್ಚಿ, ಸೆಟ್ಟನ್ನು ಎದೆಗವಚಿ, ನಿಂತಲ್ಲೇ ಸುತ್ತಿ. ಮೈ ಅಡ್ಡ ಬಂದು ಸಂಕೇತ ಕುಗ್ಗಿದರೆ ನರಿ ಬೆನ್ನ ಹಿಂದಿದೆ!

ಇದು ಬರೀ ಆಟವಲ್ಲ. ನೆರೆಯ ಹೊತ್ತಿನಲ್ಲಿ ಯಾರದೋ ಸೆಟ್ಟಿನ ಗುಂಡಿ ಒತ್ತಿಕೊಂಡೇ ಉಳಿದರೆ ಇಡೀ ಚಾನೆಲ್ ಕಟ್ಟಿಕೊಳ್ಳುತ್ತದೆ, ನೆರವು ಕೇಳುವವರ ದನಿ ಮುಚ್ಚಿಹೋಗುತ್ತದೆ. ಆ ಸೆಟ್ಟನ್ನು ಹುಡುಕುವುದೂ ಹೀಗೆಯೇ.

ಬಾವಿಯ ಬಳಿ, ವಿದ್ಯುತ್ ಕಂಬದ ಬಳಿ, ಕೇಳದೆ ಯಾರ ತೋಟದಲ್ಲೂ ನರಿ ಇಡುವುದಿಲ್ಲ. ಹಿರಿಯರು ನಿಶ್ಚಿಂತೆಯಿಂದಿರಿ.

ಬೆಳಿಗ್ಗೆ 8ಕ್ಕೆ ಧ್ವಜಸ್ತಂಭದ ಬಳಿ ಸೇರೋಣ. ಟೋಪಿ, ನೀರು, ಕೋನಮಾಪಕ ತನ್ನಿ.